ದಿಬ್ಬಣದ ಕೊನೆಯ ಕಾರು

ನಮ್ಮ ಮನೆಯವರು ಎಲ್ಲಿಗೇ ಹೊರಡಲಿ, ಕಾರುಗಳು ಮೊದಲು ತುಂಬುತ್ತವೆ, ಆಮೇಲೆ ನನ್ನ ನೆನಪಾಗುತ್ತದೆ. ಅಣ್ಣನದೊಂದು ದೊಡ್ಡ ಗಾಡಿ, ಅವನ ದೊಡ್ಡ ಮಗನದೊಂದು, ಅತ್ತಿಗೆಯ ತವರಿನವರದೊಂದು. ಗಂಡ, ಹೆಂಡತಿ, ಮಕ್ಕಳು ಎಂದು ಎಲ್ಲರೂ ಹತ್ತಿ ಬಾಗಿಲು ಹಾಕಿಕೊಂಡ ಮೇಲೂ ನಾನು ಗೇಟಿನ ಹತ್ತಿರ ಬ್ಯಾಗು ಹಿಡಿದು ನಿಂತಿರುತ್ತೇನೆ. ಆಗ ಯಾರಾದರೂ ಕಿಟಕಿ ಇಳಿಸಿ, "ಅಯ್ಯೋ, ನೀನೆಲ್ಲಿ ಕೂತ್ಕೋತೀಯ? ಬಾ ಬಾ, ಹಿಂದೆ ಅಡ್ಜಸ್ಟ್ ಮಾಡ್ಕೋ" ಎನ್ನುತ್ತಾರೆ. ಹಿಂದೆ ಎಂದರೆ ಮೂರನೆಯ ಸಾಲು. ಆ ಸಾಲನ್ನು ಮಾಡಿದ ಮಹಾನುಭಾವ ಮನುಷ್ಯರಿಗೆ ಮೊಣಕಾಲು ಇರುತ್ತದೆ ಎಂಬುದನ್ನು ಮರೆತಿದ್ದಾನೆ. ಅಲ್ಲಿ ಹೂವಿನ ಬುಟ್ಟಿ, ನೀರಿನ ಕ್ಯಾನು, ಮಕ್ಕಳು ಬಿಚ್ಚಿಟ್ಟ ಚಪ್ಪಲಿ, ಅವುಗಳ ನಡುವೆ ನಾನು.

ನಾನು ಮದುವೆಯಾಗಿಲ್ಲ. ಯಾಕೆ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಬಾಯಿ ಸವೆದಿದೆ, ಇಲ್ಲಿ ಮತ್ತೆ ಬೇಡ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಚಾಮರಾಜಪೇಟೆಯಲ್ಲಿ ಒಂದು ಹಳೆಯ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದೇನೆ. ಅಣ್ಣ ತರಗುಪೇಟೆಯಲ್ಲಿ ಅಪ್ಪನ ಬೇಳೆ ಮಂಡಿ ನಡೆಸುತ್ತಾನೆ, ಬಸವನಗುಡಿಯಲ್ಲಿ ಮನೆ ಕಟ್ಟಿಸಿದ್ದಾನೆ. ಕೆಟ್ಟವನಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಾನೆ, ಜ್ವರ ಎಂದರೆ ತಾನೇ ಓಡಿ ಬರುತ್ತಾನೆ. ಆದರೆ ಸೀಟು ಹಂಚುವಾಗ ಅವನ ಲೆಕ್ಕ ನನ್ನನ್ನು ಬಿಟ್ಟೇ ಶುರುವಾಗುತ್ತದೆ. ಗಣಿತದವಳಾಗಿ ನನಗೆ ಅದನ್ನು ಸಹಿಸಲಾಗುವುದಿಲ್ಲ.

ಒಮ್ಮೆ ದೇವಸ್ಥಾನಕ್ಕೆ ಹೋಗಿ ಬಂದವಳು ಮೂರನೆಯ ಸಾಲಿನಿಂದ ಇಳಿಯಲಾಗದೆ ಒದ್ದಾಡಿದೆ. ಕಾಲು ಜೋಮು ಹಿಡಿದಿತ್ತು. ಅಣ್ಣನ ದೊಡ್ಡ ಮಗ ನನ್ನ ಕೈ ಹಿಡಿದು ಎಳೆದು, "ಅತ್ತೆ, ನಿಮ್ಮನ್ನ ಇಳಿಸೋಕೆ ಕ್ರೇನ್ ತರಿಸ್ಬೇಕು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ನನ್ನದೇ ಒಂದು ಕಾರು ತೆಗೆದುಕೊಳ್ಳಬೇಕು ಎಂದು ತೀರ್ಮಾನ ಮಾಡಿದೆ.

ಸೀಟಿಗಾಗಿ ಎಂದು ಎಲ್ಲರಿಗೂ ಹೇಳಿದೆ. ಅದು ಅರ್ಧ ನಿಜ. ನನಗೆ ಬೇಕಾಗಿದ್ದದ್ದು ಇಷ್ಟು: ಎಲ್ಲರೂ ಹೊರಡುವ ಗಡಿಬಿಡಿಯಲ್ಲಿ ಯಾರಾದರೂ ಒಬ್ಬರು, "ನಾನು ಅವಳ ಕಾರಲ್ಲಿ ಬರ್ತೀನಿ" ಅನ್ನಬೇಕು. ಯಾರಾದರೂ ಸರಿ. ನನ್ನ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಅತ್ತಿಗೆಯ ಮೇಲೆ ಚಾಡಿ ಹೇಳಿದರೂ ಸರಿ.

ಅಣ್ಣನಿಗೆ ಹೇಳಿದಾಗ ಅವನು ಮಂಡಿಯಲ್ಲಿ ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿಕೊಂಡು ನೋಡುತ್ತಿದ್ದ. ತಲೆ ಎತ್ತಲಿಲ್ಲ. "ಚಿಕ್ಕ ಕಾರಾ? ಅದಕ್ಕೀಗ ಮಾರ್ಕೆಟ್ಟೇ ಇಲ್ಲ ಕಣೇ. ನಾಳೆ ಮಾರ್ತೀನಿ ಅಂದ್ರೆ ಯಾರೂ ಮೂಸಲ್ಲ. ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್‌ದು ದೊಡ್ಡದೇ ಬರತ್ತೆ, ಎಲ್ಲರೂ ಕೂತ್ಕೋಬಹುದು."

"ನಾನು ಮಾರಕ್ಕೆ ತಗೋತಿಲ್ಲ, ಓಡ್ಸಕ್ಕೆ ತಗೋತಿರೋದು" ಎಂದೆ.

"ನಿನ್ನಿಷ್ಟ" ಎಂದು ಬೇಳೆ ಚೀಲಕ್ಕೆ ಸುರಿದ.

ಶೋರೂಮಿನಲ್ಲೂ ಅದೇ ರಾಗ. ಬಾಗಿಲಲ್ಲೇ ಎತ್ತರದ ಗಾಡಿಗಳು ಎದೆ ಉಬ್ಬಿಸಿಕೊಂಡು ನಿಂತಿದ್ದವು. ನನಗೆ ಬೇಕಾದದ್ದು ಮೂಲೆಯಲ್ಲಿ, ಫಿಲ್ಟರ್ ನೀರಿನ ಯಂತ್ರದ ಪಕ್ಕದಲ್ಲಿತ್ತು. ಮಾರಾಟದ ಹುಡುಗಿ ಒಳ್ಳೆಯವಳು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಟ್ಯಾಕ್ಸ್ ಕಮ್ಮಿ ಆದ್ಮೇಲೆ ಸ್ವಲ್ಪ ಜನ ಕೇಳ್ತಿದಾರೆ ಮೇಡಂ. ಆದ್ರೆ ಮೊದ್ಲಿನ ಥರ ಇಲ್ಲ. ಮುಂಚೆ ಸ್ಕೂಟರ್‌ನೋರು ಮೊದ್ಲು ಇದಕ್ಕೇ ಬರ್ತಿದ್ರಂತೆ. ಈಗ ಲೋನ್ ಸಿಗುತ್ತಲ್ಲ, ನೇರ ದೊಡ್ಡದಕ್ಕೇ ಹೋಗ್ತಾರೆ." ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನನ್ನ ಬಾಯಿಂದ ಬಂತು, ಅವಳು ನಕ್ಕಳು. ಆಮೇಲೆ, "ಫ್ಯಾಮಿಲಿ ಎಷ್ಟು ಜನ ಮೇಡಂ?" ಎಂದಳು.

"ಒಬ್ಬಳು."

ಅವಳು ಹಿಂದಿನ ಸೀಟು ಮಡಚಿದರೆ ಎಷ್ಟು ಜಾಗವಾಗುತ್ತದೆ ಎಂದು ತೋರಿಸತೊಡಗಿದಳು. ಗೋಡೆಯ ಮೇಲಿನ ಚಿತ್ರದಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು ಅದೇ ಕಾರಿನ ಕಿಟಕಿಗಳಿಂದ ಹಲ್ಲು ಕಿರಿಯುತ್ತಿದ್ದರು. ಆ ನಾಲ್ವರು ಈಗ ಮುಂಬಾಗಿಲಿನ ದೊಡ್ಡ ಗಾಡಿಗೆ ಹೋಗಿಬಿಟ್ಟಿದ್ದಾರೆ. ಚಿಕ್ಕ ಕಾರಿಗೆ ಉಳಿದ ಗಿರಾಕಿ ನನ್ನಂಥವರು ಎಂದು ಕಂಪನಿಯವರಿಗೆ ಯಾರಾದರೂ ಹೇಳಬೇಕು. ನಮ್ಮ ಸ್ಟಾಫ್ ರೂಮಿನಲ್ಲೇ ಗಂಡ ತೀರಿಕೊಂಡವರೊಬ್ಬರು, ಗಂಡನನ್ನು ಬಿಟ್ಟವರೊಬ್ಬರು ಇದ್ದಾರೆ. ನಮಗೆಲ್ಲ ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿದೆ, ಆಟೋದವರ ಜೊತೆ ಜಗಳವಾಡಲು ತ್ರಾಣವಿಲ್ಲ. ಆದರೆ ಒಬ್ಬಳೇ ಕೂತ ಕಾರಿನ ಚಿತ್ರವನ್ನು ಗೋಡೆಗೆ ಯಾರು ಹಾಕುತ್ತಾರೆ? ನೋಡಿದರೆ ಯಾರಿಗೂ ಕೊಳ್ಳುವ ಮನಸ್ಸಾಗದು.

ಕಾರು ಕೊಡುವ ದಿನ ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ, ಫೋಟೋ ತೆಗೆಯುತ್ತೇವೆ ಎಂದಿದ್ದರು. ಅಣ್ಣನಿಗೆ ಅಂದು ಲೋಡು ಬರುವುದಿತ್ತು, ಅತ್ತಿಗೆಗೆ ಬೆನ್ನು ನೋವು. ಒಬ್ಬಳೇ ಹೋದೆ. ಕಾರಿನ ಮೇಲಿನ ಕೆಂಪು ಬಟ್ಟೆ ಎಳೆಸಿದರು, ನನ್ನ ಎತ್ತರದ ಅರ್ಧದಷ್ಟಿದ್ದ ರಟ್ಟಿನ ಕೀಲಿಯನ್ನು ಕೈಗೆ ಕೊಟ್ಟರು. ಫೋಟೋ ತೆಗೆಯುವವನು, "ಯಾರಾದ್ರೂ ಇನ್ನೊಂದ್ ಕಡೆ ಹಿಡ್ಕೊಳ್ಳಿ, ಫ್ರೇಮ್ ಖಾಲಿ ಕಾಣ್ತಿದೆ" ಎಂದ. ಮಾರಾಟದ ಹುಡುಗಿಯೇ ಬಂದು ಹಿಡಿದುಕೊಂಡಳು. ಆ ಫೋಟೋ ನೋಡಿದ ನಮ್ಮ ಹೆಡ್‌ಮಿಸ್ಸು, "ತಂಗಿಯಾ?" ಎಂದು ಕೇಳಿದ್ದಾರೆ.

ಆಮೇಲಿನ ತಿಂಗಳುಗಳಲ್ಲಿ ನಾನು ಕರೆಯದ ಜನರಿಲ್ಲ. ಅತ್ತಿಗೆಯನ್ನು ಗಾಂಧಿ ಬಜಾರಿಗೆ ಬಿಡುತ್ತೇನೆಂದರೆ, "ಪಾರ್ಕಿಂಗ್ ಎಲ್ಲಿ ಸಿಗತ್ತೆ, ಆಟೋನೇ ವಾಸಿ" ಎಂದರು. ಅಣ್ಣನ ದೊಡ್ಡ ಮಗ ಬಾಗಿಲನ್ನು ಬೆರಳಿನಿಂದ ಟಕಟಕ ತಟ್ಟಿ, "ತಗಡು ತುಂಬಾ ತೆಳು ಅತ್ತೆ" ಎಂದು ತೀರ್ಪು ಕೊಟ್ಟ. ಜೊತೆಯ ಟೀಚರುಗಳಿಗೆ ಮೆಟ್ರೋ ಅಭ್ಯಾಸವಾಗಿಬಿಟ್ಟಿದೆ. ಭಾನುವಾರ ಬೆಳಿಗ್ಗೆ ನಾನೊಬ್ಬಳೇ ಮಾವಳ್ಳಿಯ ಕಡೆ ಹೋಗಿ ದೋಸೆ ತಿಂದು, ಲಾಲ್‌ಬಾಗಿನ ಸುತ್ತ ಒಂದು ಸುತ್ತು ಹಾಕಿ ಬರುತ್ತಿದ್ದೆ. ಓಡಿಸುವುದು ಚೆನ್ನಾಗಿ ಕೈಗೆ ಹತ್ತಿತು. ಖುಷಿಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಖುಷಿಯನ್ನು ಹೇಳಿಕೊಳ್ಳಲು ಪಕ್ಕಕ್ಕೆ ತಿರುಗಿದರೆ ಸೀಟಿನ ಮೇಲೆ ಕಂಪನಿಯವರು ಹಾಕಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಯಾರಾದರೂ ಕೂತ ಮೇಲೆ ತೆಗೆಯೋಣ ಎಂದು ಬಿಟ್ಟಿದ್ದೆ.

ಅಷ್ಟರಲ್ಲಿ ಅಣ್ಣನ ಚಿಕ್ಕ ಮಗನ ಮದುವೆ ಗೊತ್ತಾಯಿತು. ಹೆಣ್ಣಿನವರ ಛತ್ರ ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಹತ್ತಿರ. ಹಿಂದಿನ ಸಂಜೆಯ ಆರತಕ್ಷತೆಗೆ ನಾವು ದಿಬ್ಬಣದಲ್ಲಿ ಹೋಗಬೇಕು, ಅವರು ಬಾಗಿಲಲ್ಲಿ ಎದುರುಗೊಳ್ಳಬೇಕು. ಗಂಡಿನ ಸೋದರತ್ತೆ ನಾನು! ಕಾರು ತೊಳೆಸಿದೆ. ಮುಂದೆ ಸೇವಂತಿಗೆ ಹಾರ ಕಟ್ಟಿದೆ. ಪ್ಲಾಸ್ಟಿಕ್ ಹಾಳೆ ಕಿತ್ತೆಸೆದೆ. ಮದುವೆ ಮನೆ, ನೆಂಟರು ತುಂಬಿದ್ದಾರೆ, ಇವತ್ತು ಯಾರಾದರೂ ಒಬ್ಬರಾದರೂ ಕೂತೇ ಕೂರುತ್ತಾರೆ ಎಂದು ರೇಷ್ಮೆ ಸೀರೆಯುಟ್ಟು ಬಸವನಗುಡಿಗೆ ಹೋದೆ.

ಅಣ್ಣ ನನ್ನ ಕಾರು ನೋಡಿದವನೇ ಅರಳಿದ. "ಸದ್ಯ, ಬಂದ್ಯಲ್ಲ! ತಾಂಬೂಲದ ಕಾಯಿ ಟೆಂಪೋದವನು ಕೈ ಕೊಟ್ಟ ಕಣೇ. ನಿನ್ನ ಕಾರು ಹೇಗಿದ್ರೂ ಖಾಲಿ ಇದೆಯಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ತೆಂಗಿನಕಾಯಿಯ ಗೋಣಿ ಚೀಲಗಳು ಡಿಕ್ಕಿಗೆ ಹೋದವು, ಹಿಂದಿನ ಸೀಟಿಗೆ ಹೋದವು. ಒಂದು ಚೀಲ ನನ್ನ ಪಕ್ಕದ ಸೀಟಿನ ಮೇಲೆ ಕುಳಿತಿತು. ಉಳಿದವರೆಲ್ಲ ಆಗಲೇ ದೊಡ್ಡ ಗಾಡಿಗಳಲ್ಲಿದ್ದರು. ಹೊರಟೆವು, ನಾನು ಎಲ್ಲರ ಹಿಂದೆ. ಬೀದಿಯ ತಿರುವು ದಾಟುವಷ್ಟರಲ್ಲಿ ಕಾರು ಟಿಂಗ್ ಟಿಂಗ್ ಎಂದು ಬಡಿದುಕೊಳ್ಳತೊಡಗಿತು. ಏನೋ ಕೆಟ್ಟಿತು ಎಂದು ಹೆದರಿದೆ. ಸಿರ್ಸಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನೋಡಿದರೆ ಪಕ್ಕದವರು ಬೆಲ್ಟು ಹಾಕಿಲ್ಲ ಎಂಬ ಕೆಂಪು ದೀಪ. ಚೀಲದ ಭಾರಕ್ಕೆ ಅದು ಮನುಷ್ಯರೇ ಎಂದು ಕಾರು ನಂಬಿತ್ತು. ಥೂ, ನಿನ್ನ ಬುದ್ಧಿಗಿಷ್ಟು ಎಂದು ಬೈದು, ತೆಂಗಿನಕಾಯಿಗೆ ಬೆಲ್ಟು ಕಟ್ಟಿದೆ. ಸುಮ್ಮನಾಯಿತು.

ಛತ್ರದ ಬಾಗಿಲಲ್ಲಿ ವಾಲಗ ಶುರುವಾಗಿತ್ತು. ಮುಂದಿನ ಗಾಡಿಗಳು ಒಂದೊಂದಾಗಿ ನಿಂತು, ನಮ್ಮವರು ಇಳಿಯುತ್ತಿದ್ದರು. ಆರತಿ ತಟ್ಟೆ, ಪನ್ನೀರು, ಹೂವು. ನನ್ನ ಸರದಿ ಬಂದಾಗ ವಾಚ್‌ಮ್ಯಾನ್ ಒಳಗೆ ಬಗ್ಗಿ ನೋಡಿ ಕೈ ಅಡ್ಡ ಹಿಡಿದ. "ಸಾಮಾನ್ ಗಾಡಿ ಹಿಂದಿನ್ ಗೇಟಿಗೆ ಹೋಗ್ಬೇಕು ಮೇಡಂ."

"ನಾನು ಗಂಡಿನ ಸೋದರತ್ತೆ ಕಣಯ್ಯ!"

"ಆಯ್ತು ಮೇಡಂ. ಆದ್ರೆ ಕಾಯಿ ಹಿಂದೇನೇ ಇಳಿಸ್ಬೇಕು."

ಹಿಂದೆ ಅಡುಗೆಯವರು ಸೊಪ್ಪು ಬಿಡಿಸುತ್ತಿದ್ದರು. "ಕಾಯಿ ಬಂತು, ಇಳಿಸ್ರೋ" ಎಂದು ಒಬ್ಬ ಕೂಗಿದ. ಅವರು ಇಳಿಸುತ್ತಿದ್ದರೆ ನಾನು ಸ್ಟೇರಿಂಗ್ ಹಿಡಿದು ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ, ರೇಷ್ಮೆ ಸೀರೆಯಲ್ಲಿ, ಈರುಳ್ಳಿ ಸಿಪ್ಪೆಯ ರಾಶಿಯ ಮುಂದೆ. ಆಮೇಲೆ ಮುಖ ಒರೆಸಿಕೊಂಡು ಸುತ್ತಿ ಬಂದು ಮುಂಬಾಗಿಲಿಗೆ ಹೋದೆ. ಎದುರುಗೊಳ್ಳುವುದು ಮುಗಿದು, ಆರತಿಯ ಕೆಂಪು ನೀರನ್ನು ಬೀದಿಗೆ ಚೆಲ್ಲಿದ್ದರು. ಅದನ್ನು ತುಳಿಯಬಾರದು ಎನ್ನುತ್ತಾರೆ. ನಾನು ಬೇಕೆಂದೇ ತುಳಿದುಕೊಂಡು ಒಳಗೆ ಹೋದೆ.

ಅಣ್ಣ ಕಂಡವನೇ, "ಕಾಯಿ ಬಂತಾ?" ಎಂದ.

"ಬಂತು. ನಾನೂ ಬಂದಿದೀನಿ."

"ಕಾಣ್ತಿದೀಯಲ್ಲ" ಎಂದು ಬೀಗರ ಕಡೆ ತಿರುಗಿದ.

ಮರುದಿನ ಧಾರೆ ಚೆನ್ನಾಗಿ ಆಯಿತು. ಮದುಮಕ್ಕಳು ನನ್ನ ಕಾಲಿಗೂ ನಮಸ್ಕಾರ ಮಾಡಿದರು, ಮನಸಾರೆ ಹರಸಿದೆ. ಊಟ ಮುಗಿದು ಎಲ್ಲರೂ ಹೊರಟಾಗ ಅತ್ತಿಗೆ ಉಳಿದ ಲಾಡುವಿನ ಡಬ್ಬ, ಪಾತ್ರೆ, ಚೀಲಗಳನ್ನೆಲ್ಲ ನನ್ನ ಕಾರಿನ ಕಡೆ ಹೊರಿಸಿಕೊಂಡು ಬಂದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಯಾರಾದ್ರೂ ಒಬ್ರು ನನ್ ಜೊತೆ ಬನ್ನಿ. ಆಮೇಲೆ ಏನು ಬೇಕಾದ್ರೂ ತುಂಬಿ."

ಅಣ್ಣ ಇಳಿದು ಬಂದ. "ಏನೇ ಇದು, ಬೀಗರ ಮುಂದೆ?"

"ಒಬ್ರು ಅಣ್ಣಾ. ಒಬ್ರು ಬಂದ್ರೆ ಸಾಕು."

ಅವನು ತಿರುಗಿ ಮೂರು ಗಾಡಿಗಳನ್ನೂ ನೋಡಿದ. ಕಿಟಕಿಗಳು ಇಳಿದಿದ್ದವು, ಎಲ್ಲರಿಗೂ ಕೇಳಿಸಿತ್ತು. ಯಾರೂ ಅಲುಗಲಿಲ್ಲ. "ಎಲ್ಲರೂ ಹತ್ತಿ ಕೂತಾಗಿದೆಯಲ್ಲೇ, ಈಗ ಯಾರನ್ನ ಇಳಿಸ್ಲಿ?" ಎಂದ. ಮೆತ್ತಗೆ ಕೇಳಿದ, ಅವನಿಗೆ ನಿಜವಾಗಿಯೂ ತೋಚಿರಲಿಲ್ಲ.

"ಹಾಗಾದ್ರೆ ನನ್ನ ಕಾರಲ್ಲೂ ಜಾಗ ಇಲ್ಲ."

"ಪೂರ್ತಿ ಖಾಲಿ ಇದೆಯಲ್ಲ!"

"ಖಾಲಿ ಇದೆ. ಜಾಗ ಇಲ್ಲ."

ಕಾರು ಹತ್ತಿ ಹೊರಟುಬಿಟ್ಟೆ. ಹಿಂದೆ ಅತ್ತಿಗೆ ಲಾಡುವಿನ ಡಬ್ಬ ಹಿಡಿದು ನಿಂತದ್ದು ಕನ್ನಡಿಯಲ್ಲಿ ಕಂಡಿತು. ಮಲ್ಲೇಶ್ವರದಿಂದ ಚಾಮರಾಜಪೇಟೆಯವರೆಗೂ ನಾನು ಆಡಿದ್ದು ಸರಿ, ನೂರಕ್ಕೆ ನೂರು ಸರಿ ಎಂದು ಜೋರಾಗಿಯೇ ಹೇಳಿಕೊಂಡು ಬಂದೆ. ಮನೆ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದ ಮೇಲೆ ಇಳಿಯಲು ಮನಸ್ಸಾಗಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದೆ. ಬೀದಿಯಲ್ಲಿ ಹೋಗುತ್ತಿದ್ದವರು ಬಗ್ಗಿ ನೋಡಿ ಹೋದರು, ಯಾರಿಗೋ ಕಾಯುತ್ತಿದ್ದಾಳೆ ಎಂದುಕೊಂಡಿರಬೇಕು.