ಅಣ್ಣ ಹೇಳಿದ್ದು, ನಾನು ಮಾಡಿದ್ದು

ಮರದ ಅಗುಳಿ ಸರಿಯುವ ಸದ್ದು ಎಲ್ಲಿ ಕೇಳಿದರೂ, ಅದರ ಬೆನ್ನಿಗೇ ಬರಬೇಕಾದ ಒಂದು ಇಂಗ್ಲಿಷ್ ವಾಕ್ಯಕ್ಕೆ ನನ್ನ ಕಿವಿ ಕಾಯುತ್ತದೆ. ‘ಶೀ ಈಸ್ ಓಪನಿಂಗ್ ದಿ ಡೋರ್.’ ಆನಂದಪುರದ ರಸ್ತೆ ಬದಿಯಲ್ಲಿದ್ದ ನಮ್ಮ ಮನೆಯ ಹಿತ್ತಿಲ ಬಾಗಿಲು ಅದು. ರಸ್ತೆ ಅಗಲ ಮಾಡುವಾಗ ಮನೆಯೂ ಹೋಯಿತು, ಬಾಗಿಲೂ ಹೋಯಿತು. ನಿಮ್ಮದೂ ಅಂಥದ್ದೊಂದು ಬಾಗಿಲು ಕಳೆದುಹೋಗಿದ್ದರೆ, ಸದ್ದು ಮಾತ್ರ ಹೇಗೆ ಉಳಿಯುತ್ತದೆಂದು ನಾನು ಹೇಳಬೇಕಾಗಿಲ್ಲ.

ಅರವತ್ತರ ದಶಕದ ಒಂದು ಬೇಸಿಗೆ. ನಾನು ಏಳನೆಯ ತರಗತಿ ಮುಗಿಸಿದ್ದೆ. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ರಾಘು ಇಂಗ್ಲಿಷಿನಲ್ಲಿ ನಪಾಸಾಗಿ ಕೂತಿದ್ದ. ತೀರ್ಥಹಳ್ಳಿಯಲ್ಲಿ ಮೇಷ್ಟರಾಗಿದ್ದ ಚಿಕ್ಕಪ್ಪ ರಜೆಗೆ ಬಂದವರು ಅವನನ್ನು ತಿದ್ದಲು ನಿಂತರು. ಈಗ ನಡೆಯುತ್ತಿರುವ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿಯಬೇಕಾದರೆ ಕೆಲಸ ಕಣ್ಣೆದುರೇ ನಡೆಯಬೇಕು ಎಂಬುದು ಅವರ ಪದ್ಧತಿ. ನಡೆಸುವವಳು ನಾನು. ನಾನು ಬಾಗಿಲು ತೆಗೆಯಬೇಕು, ನೀರು ಸೇದಬೇಕು, ಅಕ್ಕಿ ಕೇರಬೇಕು. ಹಿತ್ತಿಲ ಜಗುಲಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಣ್ಣ ‘ಶೀ ಈಸ್’ ಇದು, ‘ಶೀ ಈಸ್’ ಅದು ಎಂದು ಒದರಬೇಕು. ತಪ್ಪಿದರೆ ಮತ್ತೆ ಮಾಡಬೇಕಾದವಳು ನಾನೇ. ಅವನು ತಡವರಿಸಿದ ದಿನ ತುಂಬಿದ ಕೊಡ ಬರಿದುಮಾಡಿ ಮತ್ತೆ ಸೇದಿದ್ದೇನೆ. “ಪಾಠನೂ ಆಯ್ತು, ಮನೆ ಕೆಲ್ಸನೂ ಆಯ್ತು” ಎಂದು ಅಮ್ಮನಿಗೆ ಹಿಗ್ಗು. ನನಗೂ ಹಿಗ್ಗೇ. “ಈ ವರ್ಷ ನೀ ಮಾಡು, ಅವ್ನು ಹೇಳ್ಲಿ. ಬರೋ ವರ್ಷ ಅವ್ನು ಮಾಡ್ತಾನೆ, ನೀ ಹೇಳು. ಆಮೇಲೆ ನಿನ್ನೂ ತೀರ್ಥಹಳ್ಳಿ ಹೈಸ್ಕೂಲಿಗೆ ಸೇರಿಸ್ತೀನಿ ಕಣೇ” ಎಂದು ಚಿಕ್ಕಪ್ಪ ಮಾತು ಕೊಟ್ಟಿದ್ದರು.

ಒಂದು ದಿನ ಮಾತ್ರ ನನ್ನನ್ನು ಕೂರಿಸಿದರು. ಗೊತ್ತಿರುವುದು, ಬೇಕೆನಿಸುವುದು, ನಂಬುವುದು, ಇವಕ್ಕೆಲ್ಲ ‘ಓಪನಿಂಗ್’ನ ಆ ‘ಇಂಗ್’ ಹಚ್ಚುವ ಹಾಗಿಲ್ಲವಂತೆ. “ಇವು ಒಳಗಿರೋವು. ಮಾಡಿ ತೋರ್ಸಕ್ಕೆ ಬರಲ್ಲ. ಸರೋಜಾ, ಇವತ್ತು ನಿಂಗೆ ಕೆಲ್ಸ ಇಲ್ಲ, ಕೂತ್ಕೋ” ಎಂದರು ಚಿಕ್ಕಪ್ಪ. ಅಣ್ಣ ನನ್ನನ್ನೇ ನೋಡುತ್ತ ‘ಶೀ ನೋಸ್, ಶೀ ವಾಂಟ್ಸ್’ ಎಂದು ಒಪ್ಪಿಸಿದ. ಇಡೀ ಬೇಸಿಗೆಯಲ್ಲಿ ನಾನು ಕಾಲು ಚಾಚಿ ಕೂತು ಕೇಳಿದ ಪಾಠ ಅದೊಂದೇ.

ಅಣ್ಣ ಪಾಸಾದ. ಚಿಕ್ಕಪ್ಪ ಅವನನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋದರು. ನಾನು ಅವನ ಹಳೆಯ ಪುಸ್ತಕಕ್ಕೆ ರಟ್ಟು ಹಾಕಿ ಮುಂದಿನ ಬೇಸಿಗೆಗೆ ಕಾದೆ. ಚಿಕ್ಕಪ್ಪ ಬಂದರು. ಜಗುಲಿಯಲ್ಲಿ ಅಪ್ಪನಿಗೆ ಅವರು ಹೇಳಿದ್ದು ಬಾಗಿಲ ಹಿಂದಿದ್ದ ನನಗೆ ಕೇಳಿಸಿತು: “ಹೆಣ್ಮಗು, ಯಾಕಣ್ಣ ಅಷ್ಟು ದೂರ? ಅತ್ತಿಗೆಗೂ ಒಂದು ಕೈ ಬೇಕಲ್ಲ.” ಮೂಗಿಗೆ ತುಪ್ಪ ಹಚ್ಚುವುದು ಅಂದರೇನೆಂದು ಆವತ್ತು ತಿಳಿಯಿತು. ಅಪ್ಪ ಬೇಡವೆಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಬೇಡವೆಂದವರು ಮಾತು ಕೊಟ್ಟವರೇ. ಆ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ಆ ಮನೆಯಲ್ಲಿದ್ದವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ಚಿಕ್ಕಪ್ಪನ ಕೊನೆಗಾಲದಲ್ಲಿ ನೋಡಲು ಹೋಗಿದ್ದೆ. ನೀರು ತಂದಾಗ ಬೊಚ್ಚುಬಾಯಲ್ಲಿ ನಕ್ಕು, “ಶೀ ಈಸ್ ಬ್ರಿಂಗಿಂಗ್ ವಾಟರ್” ಎಂದರು. ನಾನೂ ನಕ್ಕುಬಿಟ್ಟೆ, ನಾಚಿಕೆಗೆಟ್ಟವಳು. ಆಮೇಲೆ ಕೇಳಿಯೇಬಿಟ್ಟೆ: “ನನ್ನನ್ಯಾಕೆ ಓದ್ಸಲಿಲ್ಲ ಚಿಕ್ಕಪ್ಪ?”

ಅವರು ನಿಜವಾಗಿಯೂ ಬೆರಗಾದರು. “ನಿಂಗೆ ಬೇಕಿತ್ತಾ ಮಗಾ? ಒಂದಿನಾನೂ ತೋರ್ಸಲೇ ಇಲ್ವಲ್ಲೇ.”

ಲೋಟ ಕೆಳಗಿಟ್ಟು ಅವರ ಪಕ್ಕದಲ್ಲೇ ಕೂತೆ. ಇನ್ನೊಂದಿಷ್ಟು ನೀರು ಕೇಳಿದರು. ಸ್ವಲ್ಪ ಹೊತ್ತು ನಾನು ಏಳಲಿಲ್ಲ.