ನಡುಗುವ ಸ್ಟಿಯರಿಂಗ್

ನಮ್ಮ ಮಗಳಿಗೆ ಐದು ತಿಂಗಳು ತುಂಬಿದರೂ ನನ್ನ ಗಂಡ ಅವಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಹೆರಿಗೆಗೆಂದು ನಾನು ತವರೂರು ಲಕ್ಕಲಕಟ್ಟಿಗೆ ಹೋಗಿದ್ದೆ. ಐವತ್ತರ ದಶಕದ ಮಾತು ಅದು. ಅವರು ರೋಣದ ಹತ್ತಿ ಸಾಹುಕಾರರೊಬ್ಬರ ಕಾರು ನಡೆಸುತ್ತಿದ್ದರು. ಬಿಡುವು ಸಿಕ್ಕಾಗ ಬರುತ್ತಿದ್ದರು, ತೊಟ್ಟಿಲಲ್ಲಿ ಇಣುಕುತ್ತಿದ್ದರು. ಅವ್ವ ಕೂಸನ್ನು ಮುಂದೆ ಹಿಡಿದರೆ ಸಾಕು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಹೆಣ್ಣು ಹುಟ್ಟಿದ್ದು ಅಳಿಯನಿಗೆ ಬೇಡವಾಗಿದೆ ಎಂದು ಅವ್ವ ಒಳಗೊಳಗೇ ಕೊರಗಿದಳು. ಕೊರಗುವ ಪೈಕಿ ನಾನಲ್ಲ, ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮನ್ನು ರೋಣಕ್ಕೆ ಕರೆದೊಯ್ಯಲು ಸಾಹುಕಾರರ ಕಾರನ್ನೇ ಕೇಳಿ ತಂದರು. ಸಂಜೆ ಬಂದು ಕುಳಿತವರಿಗೆ ಚಹಾ ಕೊಟ್ಟೆ. ಕೈಯಲ್ಲಿನ ಕಪ್ಪು-ಬಸಿ ಖಣಖಣ ಎಂದು ಅರ್ಧ ಚಹಾ ಅಂಗಿಯ ಮೇಲೆ ಚೆಲ್ಲಿತು. ಮರುದಿನ ಬೆಳಿಗ್ಗೆ ಅದೇ ಮನುಷ್ಯ ಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ನುಣ್ಣಗೆ ಗಡ್ಡ ಮಾಡಿಕೊಂಡರು.

ಅವ್ವನೂ ನಮ್ಮ ಜೊತೆ ಹೊರಟಳು. ಗಜೇಂದ್ರಗಡ ದಾಟಿದ ಮೇಲೆ ಎಂಜಿನ್ ಕಾದಿದೆಯೆಂದು ಅವರು ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿದರು. ಕೂಸನ್ನು ಅವ್ವನ ಮಡಿಲಿಗೆ ಹಾಕಿ ನಾನೂ ಇಳಿದೆ. ಇನ್ನು ತಡೆಯಲಾಗಲಿಲ್ಲ.

"ಹೆಣ್ಣಂತ ಇಷ್ಟ್ಯಾಕ ಸಿಟ್ಟ್ರಿ ನಿಮಗ? ಆ ಕೂಸು ಏನ್ ಪಾಪ ಮಾಡೇತಿ?"

ಅವರು ನನ್ನನ್ನೇ ಪಿಳಿಪಿಳಿ ನೋಡಿದರು. "ಸಿಟ್ಟಾ? ಏ ಹುಚ್ಚಿ..." ಎಂದು ಎರಡೂ ಕೈ ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ನಮ್ಮಪ್ಪಂದು ಹಿಂಗ ಸುರು ಆಗಿತ್ತು. ಕಡೀಕ ತುತ್ತು ಬಾಯಿಗೆ ಮುಟ್ಟಲಿಲ್ಲ, ನೀನ ಉಣಿಸ್ತಿದ್ದಿ. ನನಗೂ ಅದ ಬಂದೈತಿ. ಕೂಸು ಕೈ ಜಾರಿ ಬಿದ್ದರ ನಾ ಬದಕತೀನೇನ?"

ನನ್ನ ಸಿಟ್ಟು ಜರ್ರನೆ ಇಳಿಯಿತು. ಆಮೇಲೆ ಬೆಳಗಿನ ಗಡ್ಡ ನೆನಪಾಯಿತು.

"ಮುಂಜಾನೆ ಗಲ್ಲದ ಮ್ಯಾಲ ಒಂದರ ಗಾಯ ಆತೇನ್ರಿ?"

"ಮಲಗಿ ಎದ್ದರ ಕಡಿಮಿ ಆಗಿರತೈತಿ."

"ಕಾರ್ ನಡಿಸಿದ ಮ್ಯಾಲ?"

ಅವರು ಅಂಗೈ ತಿರುಗಿಸಿ ನೋಡಿಕೊಂಡು, "ಅವಾಗ ಭಾಳ" ಎಂದರು.

ನಾನು ಸೀದಾ ಹೋಗಿ ಮುಂದಿನ ಸೀಟಿನಲ್ಲಿ ಕುಳಿತೆ. "ಅಯ್ಯ ಶಿವನ, ಗಂಡನ ಬಾಜೂಕ ಕುಂತಿ? ಮಂದಿ ಏನಂದಾರು!" ಎಂದು ಅವ್ವ ಹಿಂದಿನಿಂದ ಬಾಯಿ ಮಾಡಿದಳು. "ಅಂದ್ಕೊಳ್ಳಲಿ ಬಿಡವ್ವ" ಎಂದೆ. ಕಾರು ಹೊರಟ ಮೇಲೆ ಅವರ ಕೈ ಪಕ್ಕದಲ್ಲೇ ಸ್ಟಿಯರಿಂಗ್ ಮೇಲೆ ನನ್ನ ಅಂಗೈ ಇಟ್ಟೆ. ಮೆಲ್ಲಗೆ ಹೋಗುವಾಗ ಏನೂ ಇರಲಿಲ್ಲ. ಗರಸಿನ ನೆಟ್ಟನೆಯ ರಸ್ತೆಯಲ್ಲಿ ಜೋರು ಬಿಟ್ಟರೋ ಇಲ್ಲವೋ, ಮೊಣಕೈವರೆಗೆ ನಡುಕ ಏರಿ ನನ್ನ ಗಾಜಿನ ಬಳೆಗಳೆಲ್ಲ ಕಿಣಿಕಿಣಿ ಎಂದವು. ಮೆಲ್ಲಗೆ ಮಾಡಿಸಿದೆ, ಬಳೆ ಸುಮ್ಮನಾದವು. ಮತ್ತೆ ಜೋರು, ಮತ್ತೆ ಕಿಣಿಕಿಣಿ.

"ನಮ್ಮಾವನ ರೋಗ ನನ್ನ ಕೈಗ್ಯಾಕ ಬಂತ್ರಿ?"

ಅವರು ಗಕ್ಕನೆ ಕಾರು ನಿಲ್ಲಿಸಿ, ಅಂಗಿಯ ಪರಿವೆಯೂ ಇಲ್ಲದೆ ಕಾರಿನ ಕೆಳಗೆ ನುಗ್ಗಿದರು. ಹೊರಗಿನಿಂದ ನೋಡಿದರೆ ಮುಂದಿನ ಟೈರುಗಳು ಚಲೋ ಇದ್ದವು. ಒಳಮಗ್ಗುಲು ಮಾತ್ರ ಸವೆದು ಬೋಳಾಗಿತ್ತು. "ಇಲ್ಲಿ ಮುಟ್ಟು" ಎಂದರು. ಒಂದು ಕಡೆಗೆ ಕೈಯಾಡಿಸಿದರೆ ನುಣುಪು, ತಿರುಗಿ ಎಳೆದರೆ ಜೋಳದ ಎಲೆಯ ಅಂಚಿನಂತೆ ತರಚುತ್ತಿತ್ತು. ಎರಡೂ ಗಾಲಿಗಳನ್ನು ಕೂಡಿಸುವ ಕಬ್ಬಿಣದ ರಾಡು ಬಾಗಿತ್ತು. ಹಾಗಾಗಿ ಗಾಲಿಗಳು ನೆಟ್ಟಗೆ ಉರುಳದೆ ನೆಲಕ್ಕೆ ಉಜ್ಜಿಕೊಂಡು ಹೋಗುತ್ತಿದ್ದವು, ಸವೆದ ಟೈರು ಸ್ಟಿಯರಿಂಗನ್ನು ಅಲುಗಾಡಿಸುತ್ತಿತ್ತು.

"ಕೂಸು ಹುಟ್ಟಿದ ಸುದ್ದಿ ಕೇಳಿ ಓಡಿ ಬರೂಮುಂದ ಈ ಕಾರು ಎರಿ ಮಣ್ಣಿನ ಕೆಸರಾಗ ಸಿಕ್ಕೊಂಡಿತ್ತಲ್ಲ," ಎಂದರು ಅವರು, ಹಾಗೇ ಮಲಗಿಕೊಂಡು. "ಹೊಲದವರು ಎತ್ತು ಕಟ್ಟಿ ಎಳದ್ರು. ಹಗ್ಗ ಈ ರಾಡಿಗೇ ಬಿಗದ್ರು. ಲಗೂ ಬರಬೇಕಂತ ನಾನೂ ಸುಮ್ಮನಿದ್ದೆ. ನಡುಕ ಬಂದಿದ್ದೂ ಅವತ್ತಿನಿಂದನ. ದಿನಾ ಕೈ ನೋಡ್ಕೊಂಡು ಅಂಜತಿದ್ದೆ, ಟೈರ್ ನೋಡಲೇ ಇಲ್ಲ."

ಎದ್ದು ಬಂದು, ಕೈಗೆ ನೀರು ಹಾಕಿಸಿಕೊಂಡು, ಟವೆಲಿನಿಂದ ಒರೆಸಿಯೇ ಒರೆಸಿದರು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವ್ವ ಕಣ್ಣು ಒರೆಸಿಕೊಳ್ಳುತ್ತಲೇ ಕೂಸನ್ನು ಮುಂದೆ ಹಿಡಿದಳು. ಅವರು ಕೈ ಚಾಚಿದರು. ಕೈ ಗಡಗಡ ನಡುಗಿದವು, ಹಿಂದೆಂದೂ ಇಲ್ಲದಷ್ಟು. ಅವರ ಮುಖ ಬಿಳಿಚಿತು.

"ಗಾಡಿ ಬಂದ್ ಐತಿ, ಆದ್ರೂ ನಡಗಾಕತ್ತಾವ..."

ನಾನು ಅವರ ಎರಡೂ ಮುಂಗೈ ಹಿಡಿದುಕೊಂಡೆ. "ಮೊದಲನೇ ಸಲ ಎತ್ಕೊಂಡಾಗ ನನ್ನವೂ ಹಿಂಗ ನಡಗಿದ್ವು. ಹಿಡೀರಿ."

ಅವ್ವ ಕೂಸನ್ನು ಕೈಗಿಟ್ಟಳು. ಅದರ ತಲೆ ಅವರ ತೋಳಿಗೆ ಒರಗುವವರೆಗೂ ಕೈ ನಡುಗುತ್ತಲೇ ಇದ್ದವು.