ಬೆನೆಡಿಕ್ಟಾ ಟೀಚರ್ ಆರಿಸಿದ ಉದಾಹರಣೆ

ಕುವೈತಿನ ಫಿಂಟಾಸಿನ ನಮ್ಮ ಕಟ್ಟಡದಲ್ಲಿ ಅಮೆರಿಕದ ಕಾಲೇಜು ಪರೀಕ್ಷೆಗೆ ಪ್ರಬಂಧ ಬರೆಯುವುದನ್ನು ಕಲಿಸುವ ಬೆನೆಡಿಕ್ಟಾ ಟೀಚರಿಗೆ ಮಹಾಪುರುಷರನ್ನು ಕಂಡರಾಗದು. ಧೈರ್ಯಕ್ಕೆ ಗಾಂಧೀಜಿ, ಪರಿಶ್ರಮಕ್ಕೆ ಎಡಿಸನ್ ಎಂದು ಮಕ್ಕಳು ಬರೆದರೆ ಕೆಂಪು ಪೆನ್ನಿನಿಂದ ಇಬ್ಬರನ್ನೂ ಹೊರಗಟ್ಟುತ್ತಾರೆ. "ಗಾಂಧೀಜಿಯನ್ನು ನೀನು ನೋಡಿದ್ದೀಯಾ? ಕಣ್ಣಲ್ಲಿ ಕಂಡದ್ದು ಬರಿ ಮಾರಾಯ!" ಎನ್ನುತ್ತಾರೆ. "ಟೀಚರ್, ಇಲ್ಲಿ ನಥಿಂಗ್ ಹ್ಯಾಪನ್ಸ್" ಎಂದು ಗೊಣಗುವವರನ್ನು ಕಿಟಕಿಗೆ ಕರೆದೊಯ್ದು, ಕೆಳಗೆ ಪಾರ್ಕಿಂಗಿಗಾಗಿ ಜಗಳವಾಡುವವರಲ್ಲಿ ಅಹಂಕಾರಕ್ಕೊಂದು, ತಾಳ್ಮೆಗೊಂದು ಉದಾಹರಣೆ ಹುಡುಕಿಸುತ್ತಾರೆ. ಮೀನು ಹುರಿಯುವಾಗ ಎಣ್ಣೆ ಸಿಡಿದರೂ "ಇದು ಎಕ್ಸಾಂಪಲ್ ಆಗ್ತದೆ" ಎನ್ನುವವರು ಅವರು. ಮೊನ್ನೆ ಕೆನಡಾಕ್ಕೆ ಹೋಗಲೆಂದು ಅವರೇ ಇಂಗ್ಲಿಷ್ ಪರೀಕ್ಷೆಗೆ ಕೂತರು. ಹೊರಗೆ ಅವರ ಮಗ ಕ್ಲೇಟನ್ ಮತ್ತು ಪಕ್ಕದ ಮನೆಯ ನಾನು ಕಾಯುತ್ತಿದ್ದೆವು. "ಅಪರಿಚಿತರನ್ನು ನಂಬಬಹುದೇ?" ಎಂಬುದು ವಿಷಯವಂತೆ. ಅವರು ಬರೆದದ್ದು ಕುವೈತಿಗೆ ಇರಾಕಿ ಸೈನ್ಯ ನುಗ್ಗಿದ ವರ್ಷದ ಮಾತು: ಊರಿಗೆ ತಪ್ಪಿಸಿಕೊಂಡು ಹೋಗುವಾಗ ಜೋರ್ಡಾನಿನ ಗಡಿಯ ಮರಳಿನಲ್ಲಿ, ಹಸುಗೂಸಾಗಿದ್ದ ಕ್ಲೇಟನ್‌ಗೆ ತನ್ನ ಬಾಟಲಿಯ ಕೊನೆಯ ನೀರು ಕುಡಿಸಿದ, ಹೆಸರೂ ಗೊತ್ತಿಲ್ಲದ ಲಾರಿ ಡ್ರೈವರನ ಬಗ್ಗೆ. ಆ ದಾರಿಯ ಸುದ್ದಿಯನ್ನು ಅವರು ಮಗನಿಗೂ ಹೇಳಿರಲಿಲ್ಲ. ಬಾಯಿ ತೆರೆದರೆ ಅಳು ಬರುತ್ತಿತ್ತಂತೆ. "ಬರೆದು ಮುಗಿಸಿದೆ, ಖಲಾಸ್. ಅಳು ಬರ್ಲೇ ಇಲ್ಲ!" ಎಂದು ಹೊರಗೆ ಬಂದ ಟೀಚರ್ ಮಗನ ಭುಜ ಹಿಡಿದು ನಕ್ಕರು. "ಮಾರ್ಕ್ಸ್ ಎಷ್ಟಾದ್ರೂ ಬರ್ಲಿ. ಮೊದ್ಲು ಊಟಕ್ಕೆ ಹೋಗುವ, ಎಂಥ ಹಸಿವು ಗೊತ್ತುಂಟಾ!"